ಗಗನ ಮಹಲಿನಲ್ಲಿ ರಾಜ ಎಲ್ಲಿ ಕೂರುತ್ತಿದ್ದ? ಇರಾನಿನ ದರ್ಬಾರು ಅಂದರೆ ಹೇಗಿರುತ್ತಿತ್ತು?

ಅಕ್ಕಲಕೋಟ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಅಕ್ಕಲಕೋಟ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ. ಹೋದ ವಾರ ಏಳನೇ ತರಗತಿ ಮಕ್ಕಳನ್ನು ಕರೆದುಕೊಂಡು ವಿಜಯಪುರಕ್ಕೆ ಹೋಗಿದ್ದೆವು. ಗೋಲ ಗುಮ್ಮಟದಲ್ಲಿ ಕೂಗಿ ಕೂಗಿ ಎಲ್ಲರ ಗಂಟಲು ಕಟ್ಟಿತ್ತು, ಮೇಲೆ ಬಿಸಿಲು ಬೇರೆ, ಎಲ್ಲಾದರೂ ನೆರಳು ಸಿಕ್ಕರೆ ಸಾಕು ಅಂತ ಗಗನ ಮಹಲಿನ ಹತ್ತಿರ ಬಂದು ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ ಮುಗಿಯುವವರೆಗೆ ಎಲ್ಲ ಸುಮ್ಮನಿದ್ದರು. ಆಮೇಲೆ ಒಬ್ಬ ಹುಡುಗ ಆ ದೊಡ್ಡ ಕಮಾನನ್ನೇ ನೋಡುತ್ತಾ ಕೇಳಿದ. "ಅಕ್ಕೋರೆ, ಇದು ದರ್ಬಾರು ಅಂದ್ರಿ. ರಾಜ ಎಲ್ಲಿ ಕೂರ್ತಿದ್ದ? ಇದು ಬರೀ ಬಾಗಿಲು ಅಲ್ವಾ?"

ನನಗೆ ಉತ್ತರ ಬರಲಿಲ್ಲ. ಅಲ್ಲಿ ಬೇರೆ ಗುಂಪಿನ ಜೊತೆ ಇದ್ದ ಗೈಡ್ ಒಬ್ಬರನ್ನು ಕೇಳಿದೆ. "ಇದು ಇರಾನ್ ಸ್ಟೈಲ್ ಮೇಡಂ" ಅಂದು ಹೊರಟೇ ಹೋದರು. ಇರಾನ್ ಸ್ಟೈಲ್ ಅಂದರೆ ಏನು? ಅಲ್ಲಿನ ರಾಜರ ಸಿಂಹಾಸನದ ಮನೆಗಳು ಹೀಗೇ ಇದ್ದವಾ, ಮುಂದೆ ಒಂದು ಕಮಾನು, ಒಳಗೆ ಏನೂ ಇಲ್ಲ? ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ಬರೀ ಕಂಬಗಳ ಫೋಟೋ ಬರುತ್ತದೆ, ಇನ್ನೊಂದು ಕಡೆ ಬರೀ ಕಮಾನು. ಎರಡೂ ಇರಾನಿನದೇ ಅಂತ ಬರೆದಿದೆ. ತಲೆ ಕೆಟ್ಟಿತು. ಗೊತ್ತಿದ್ದವರು ಸ್ವಲ್ಪ ತಿಳಿಯುವ ಹಾಗೆ ಹೇಳಿ. ಸೋಮವಾರ ಆ ಹುಡುಗ ಮತ್ತೆ ಕೇಳೇ ಕೇಳುತ್ತಾನೆ, ಅವನನ್ನು ನಾನು ಬಲ್ಲೆ.

ಹೋಟಗಿ ಕಾಕಾ

ಅಕ್ಕೋರೆ, ಹುಡುಗ ಸರಿಯಾಗೇ ಕೇಳಿದ್ದಾನೆ. ನಾನು ರೈಲ್ವೆಯಲ್ಲಿ ಇದ್ದಾಗ ವಿಜಯಪುರಕ್ಕೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಗಾಡಿ ತಿರುಗಿ ಬರುವವರೆಗೆ ಗಗನ ಮಹಲಿನ ಹುಲ್ಲಿನ ಮೇಲೆ ಮಲಗುತ್ತಿದ್ದೆ. ಮಲಗಿಕೊಂಡು ನೋಡಿದರೆ ಕೆಲವು ಸಂಗತಿ ಗೊತ್ತಾಗುತ್ತವೆ, ನಿಂತು ನೋಡಿದರೆ ಆಗುವುದಿಲ್ಲ.

ಅದನ್ನು ಕಟ್ಟಿಸಿದ್ದು ಒಂದನೇ ಅಲಿ ಆದಿಲ್ ಶಾಹ, ಸುಮಾರು 1561ರಲ್ಲಿ. ಮುಂದೆ ಮೂರು ಕಮಾನು. ನಡುವಿನದು ಹೆಚ್ಚುಕಡಿಮೆ 18 ಮೀಟರ್ ಅಗಲ, ಅಕ್ಕಪಕ್ಕದವು ಕಿರಿದು, ಎತ್ತರ. ಕೆಳಗೆ ದರ್ಬಾರು, ಮೇಲೆ ರಾಜನ ಮನೆಯವರು ಇರುವ ಜಾಗ. ಆ ಮೇಲಿನ ಅಂತಸ್ತು, ಚಾವಣಿ, ಒಳಗಿನ ಕಂಬ ಎಲ್ಲ ಮರದ್ದು. ಈಗ ಒಂದೂ ಇಲ್ಲ. ಗೋಡೆಯನ್ನು ಸರಿಯಾಗಿ ನೋಡಿದರೆ ತೊಲೆ ಕೂರಿಸಿದ ತೂತುಗಳು ಕಾಣುತ್ತವೆ. ನಿಮ್ಮ ಮಕ್ಕಳು ನೋಡಿದ್ದು ಬಾಗಿಲಲ್ಲ, ಮನೆಯ ಎಲುಬು. ಮಾಂಸ ಹೋಗಿದೆ, ಅಷ್ಟೇ.

ಕಮಾನು ಅಷ್ಟು ಅಗಲ ಯಾಕೆ ಅಂದರೆ ಒಳಗೆ ಕೂತ ರಾಜ ಹೊರಗೆ ಮೈದಾನದಲ್ಲಿ ನಿಂತವರಿಗೂ ಕಾಣಬೇಕು. ನಮ್ಮ ಹಳೆಯ ವಾಡೆಗಳಲ್ಲಿ ಪಡಸಾಲೆ ಇರುತ್ತದಲ್ಲ, ಮೂರು ಕಡೆ ಗೋಡೆ, ಒಂದು ಕಡೆ ಅಂಗಳಕ್ಕೆ ತೆರೆದಿರುತ್ತದೆ, ದೇಸಾಯಿ ಅಥವಾ ದೇಶಮುಖರು ಲೋಡಿಗೆ ಒರಗಿ ಕೂತರೆ ಅಂಗಳದಲ್ಲಿ ನಿಂತ ರೈತನಿಗೆ ಪೂರ್ತಿ ಕಾಣುತ್ತಾರೆ, ರೈತ ಮಾತ್ರ ಬಿಸಿಲಲ್ಲೇ ನಿಂತಿರುತ್ತಾನೆ. ಅದೇ ಲೆಕ್ಕ. ಇಲ್ಲಿ ದೊಡ್ಡದಾಗಿ ಮಾಡಿದ್ದಾರೆ.

ಇನ್ನೊಂದು ಮಾತು, ಸೊಲ್ಲಾಪುರ ಕಡೆಯವರಿಗೆ ಖುಷಿ ಆಗುತ್ತದೆ. ಇದೇ ಅಲಿ ಆದಿಲ್ ಶಾಹನಿಗೆ ಅಹ್ಮದನಗರದ ಚಾಂದ್ ಬೀಬಿಯನ್ನು ಕೊಟ್ಟಾಗ ಸೊಲ್ಲಾಪುರವನ್ನು ವರದಕ್ಷಿಣೆಯಾಗಿ ಕೊಟ್ಟರು. ಆಕೆ ಆ ದರ್ಬಾರನ್ನು ಕಂಡವಳು. ಮುಂದೆ 1686ರಲ್ಲಿ ಔರಂಗಜೇಬ ವಿಜಯಪುರ ಗೆದ್ದಾಗ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿ ಸರಪಳಿ ಹಾಕಿ ಇದೇ ಮಹಲಿಗೆ ತಂದರು ಅಂತ ಹೇಳುತ್ತಾರೆ. ಅಂದು ಅಲ್ಲಿ ಕೂತವನು ಬೇರೆ, ನಿಂತವನು ಬೇರೆ. ಇರಾನಿನ ವಿಷಯ ನನಗೆ ಜಾಸ್ತಿ ಗೊತ್ತಿಲ್ಲ, ಕುಂಬಳೆಯ ನಮ್ಮ ಗೆಳೆಯರು ಹೋಗಿ ಬಂದಿದ್ದಾರೆ, ಅವರನ್ನು ಎಬ್ಬಿಸಿ.

ಕುಂಬಳೆ ಮಾರಾಯ

ಎದ್ದಿದ್ದೇನೆ ಕಾಕಾ. ನಮ್ಮ ಕಾಸರಗೋಡಿನವರು ಅರ್ಧ ಊರಲ್ಲಿ, ಅರ್ಧ ಗಲ್ಫಿನಲ್ಲಿ ಅಲ್ವಾ. ನಾನೂ ದುಬೈಯಲ್ಲಿ ಹನ್ನೊಂದು ವರ್ಷ ಅಂಗಡಿ ಲೆಕ್ಕ ಬರೆದೆ. ಅಲ್ಲಿಂದ ಶಿರಾಜ್ ಹತ್ತಿರ. ಒಂದು ರಜೆಯಲ್ಲಿ ಊರಿಗೆ ಬರುವ ಬದಲು ಅತ್ತ ಹೋದೆ, ಮನೆಯಲ್ಲಿ ಆರು ತಿಂಗಳು ಬೈಸಿಕೊಂಡೆ.

ಅಕ್ಕೋರೆ, ನಿಮಗೆ ಕಂಡ ಎರಡು ಫೋಟೋವೂ ಸರಿಯೇ. ಕಂಬದ್ದು ಮೊದಲು, ಕಮಾನಿನದ್ದು ಆಮೇಲೆ. ನಡುವೆ ಸುಮಾರು ಸಾವಿರ ವರ್ಷ ಉಂಟು.

ಕಂಬದ್ದು ಪರ್ಸೆಪೊಲಿಸ್, ಇರಾನಿನ ಶಿರಾಜ್ ಊರಿನ ಹತ್ತಿರದ ಹಳೆಯ ರಾಜಧಾನಿ. ಅಲ್ಲಿಯವರು ತಖ್ತ್-ಎ-ಜಮ್ಶೀದ್ ಅನ್ನುತ್ತಾರೆ, ಜಮ್ಶೀದನ ಸಿಂಹಾಸನ ಅಂತ. ಜಮ್ಶೀದ ಅಂದರೆ ಪುರಾಣದ ರಾಜ. ನಿಜವಾಗಿ ಕಟ್ಟಿಸಿದ ಇರಾನಿನ ಹಳೆಯ ರಾಜರು ಡೇರಿಯಸ್, ಕ್ಸರ್ಕ್ಸಸ್ ಎಲ್ಲ ಜನರಿಗೆ ಮರೆತೇ ಹೋಗಿತ್ತು, ಹಂಪಿಯಲ್ಲಿ ಪ್ರತಿ ಬಂಡೆಗೂ ಭೀಮನ ಹೆಸರೋ ಸೀತೆಯ ಹೆಸರೋ ಇರುವ ಹಾಗೆ. ಕಲ್ಲಿನ ದೊಡ್ಡ ಜಗಲಿ, 450 ಮೀಟರ್ ಉದ್ದ, 300 ಮೀಟರ್ ಅಗಲ ಅಂದಾಜು. ಅದರ ಮೇಲೆ ಅಪದಾನ ಅಂತ ಒಂದು ದರ್ಬಾರು. ಡೇರಿಯಸ್ ಶುರು ಮಾಡಿಸಿದ, ಮಗ ಕ್ಸರ್ಕ್ಸಸ್ ಮುಗಿಸಿದ. ನಡುವಿನ ಕೋಣೆ ಒಂದೊಂದು ಬದಿ 60 ಮೀಟರ್, ಒಳಗೆ 36 ಕಂಬ, ಮೂರು ಕಡೆಯ ಜಗಲಿಗಳಲ್ಲಿ ಹನ್ನೆರಡು ಹನ್ನೆರಡು, ಒಟ್ಟು 72. ಈಗ ನಿಂತಿರುವುದು 13. ಒಂದೊಂದು ಸುಮಾರು 20 ಮೀಟರ್ ಎತ್ತರ, ನಮ್ಮ ತೋಟದ ಹಳೆಯ ಅಡಿಕೆ ಮರದಷ್ಟು. ಅಷ್ಟೇ ತೆಳ್ಳಗೆ ಕಾಣುತ್ತದೆ ಮಾರಾಯ್ರೆ, ಕಲ್ಲು ಅಂತ ನಂಬಲಿಕ್ಕೆ ಆಗುವುದಿಲ್ಲ. ಮೇಲೆ ಬೋದಿಗೆಯ ಜಾಗದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಗೂಳಿ, ಇಲ್ಲವೇ ಸಿಂಹ. ಆ ಎರಡು ಕುತ್ತಿಗೆಗಳ ನಡುವಿನ ತಗ್ಗಿನಲ್ಲಿ ಮರದ ತೊಲೆ ಕೂರುತ್ತಿತ್ತು. ಲೆಬನಾನಿನ ದೇವದಾರು ಮರ.

ಈಗ ತಮಾಷೆ ನೋಡಿ. ಅಲ್ಲಿ ಗೋಡೆ ಇದ್ದದ್ದು ಹಸಿ ಇಟ್ಟಿಗೆಯದ್ದು, ಮೀಟರುಗಟ್ಟಲೆ ದಪ್ಪ. ಮಳೆಗೆ ಕರಗಿ ಹೋಯಿತು. ಕಲ್ಲಿನ ಕಂಬ, ಬಾಗಿಲು, ಮೆಟ್ಟಿಲು ಉಳಿಯಿತು. ನಿಮ್ಮ ಗಗನ ಮಹಲಿನಲ್ಲಿ ಉಲ್ಟಾ, ಗೋಡೆ ಉಳಿಯಿತು, ಕಂಬ ಹೋಯಿತು. ಆದ್ದರಿಂದ ಅದು ಬಯಲು ಮಂಟಪದ ಹಾಗೆ ಕಾಣುತ್ತದೆ, ಇದು ಬರೀ ಬಾಗಿಲಿನ ಹಾಗೆ. ಎರಡೂ ಸುಳ್ಳು. ಅಪದಾನದ ಒಳಗೆ ಹಗಲಲ್ಲೂ ಅರೆಗತ್ತಲೆ ಇದ್ದಿರಬೇಕು. ಮೂಡಬಿದಿರೆಯ ಸಾವಿರ ಕಂಬದ ಬಸದಿ ಹೊಕ್ಕವರಿಗೆ ಆ ತಂಪು, ಆ ಮಬ್ಬು ಗೊತ್ತುಂಟು.

ಮೆಟ್ಟಿಲ ಬದಿಯ ಕೆತ್ತನೆಯೇ ನನಗೆ ಜಾಸ್ತಿ ಹಿಡಿಸಿದ್ದು. 23 ನಾಡಿನ ಜನ ಕಾಣಿಕೆ ಹಿಡಿದು ಸಾಲಾಗಿ ಬರುತ್ತಿದ್ದಾರೆ. ಅದರಲ್ಲಿ ನಮ್ಮವರೂ ಇದ್ದಾರೆ! ನಮ್ಮವರು ಅಂದರೆ ಸಿಂಧೂ ನದಿಯ ಕಡೆಯವರು. ಮೈಮೇಲೆ ಅಂಗಿ ಇಲ್ಲ, ಸೊಂಟಕ್ಕೆ ಪಂಚೆ, ಒಬ್ಬನ ಹೆಗಲ ಮೇಲೆ ಕಾವಡಿ, ಎರಡು ತುದಿಗೆ ಬುಟ್ಟಿ. ಬುಟ್ಟಿಯಲ್ಲಿ ಸಣ್ಣ ಚೀಲಗಳು, ಬಂಗಾರದ ಪುಡಿ ಅನ್ನುತ್ತಾರೆ. ಹಿಂದೆ ಒಂದು ಕತ್ತೆ. ಎರಡೂವರೆ ಸಾವಿರ ವರ್ಷದ ಹಿಂದಿನ ಕಾವಡಿ, ನಮ್ಮಜ್ಜ ಬೇಕಲದಿಂದ ಮೀನು ಹೊತ್ತು ತಂದ ಕಾವಡಿಯ ಹಾಗೇ ಉಂಟು. ಅಲ್ಲಿ ಹತ್ತು ನಿಮಿಷ ನಿಂತೆ. ಕಾವಲುಗಾರನಿಗೆ ಸಂಶಯ ಬಂತು.

ರಾಜ ಎಲ್ಲಿ ಕೂರುತ್ತಿದ್ದ ಅಂತ ಹುಡುಗ ಕೇಳಿದ್ದಲ್ವಾ? ಅದೂ ಕಲ್ಲಿನಲ್ಲೇ ಉಂಟು. ರಾಜ ಎತ್ತರದ ಬೆನ್ನಿನ ಕುರ್ಚಿಯ ಮೇಲೆ, ಕಾಲಿಗೆ ಬೇರೆ ಮಣೆ. ಮುಂದೆ ಎರಡು ಧೂಪದ ಕಂಬ. ಅದರಾಚೆ ಒಬ್ಬ ಅಧಿಕಾರಿ ಬಗ್ಗಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದಿದ್ದಾನೆ, ತನ್ನ ಉಸಿರು ರಾಜನಿಗೆ ತಾಗಬಾರದು ಅಂತ. ಪಕ್ಕದಲ್ಲೇ ನೂರು ಕಂಬದ ಇನ್ನೊಂದು ಸಿಂಹಾಸನದ ಮನೆ, ಹತ್ತು ಸಾಲು, ಸಾಲಿಗೆ ಹತ್ತು. ಅದರ ಬಾಗಿಲಲ್ಲಿ ರಾಜ ಸಿಂಹಾಸನದ ಮೇಲೆ, ಸಿಂಹಾಸನದ ಕೆಳಗೆ ಬೇರೆ ಬೇರೆ ನಾಡಿನ ಜನ ಸಾಲುಸಾಲಾಗಿ ನಿಂತು ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದಿದ್ದಾರೆ, ನಾವು ಪಲ್ಲಕ್ಕಿ ಎತ್ತಿದ ಹಾಗೆ. ಕ್ರಿಸ್ತಪೂರ್ವ 330ರಲ್ಲಿ ಅಲೆಕ್ಸಾಂಡರನ ಕೈಯಲ್ಲಿ ಸುಟ್ಟು ಹೋಯಿತು. ದೇವದಾರು ಚಾವಣಿ, ಕೇಳಬೇಕಾ.

ಕಮಾನಿನ ಕಥೆ ಸೊಲ್ಲಾಪುರದ ಗೌಂಡಿಯವರು ಹೇಳಲಿ. ನಾನು ಅದನ್ನು ಕಣ್ಣಾರೆ ನೋಡಿಲ್ಲ, ಅದು ಇರಾಕಿನಲ್ಲಿ ಉಂಟು.

ಸೊಲ್ಲಾಪುರ ಗೌಂಡಿ

ನನಗೆ ಇತಿಹಾಸ ಕೇಳಬೇಡಿ, ಇಟ್ಟಿಗೆ ಕೇಳಿ. ನಮ್ಮಪ್ಪ ಗೌಂಡಿ, ಅವರಪ್ಪ ಗೌಂಡಿ, ನಾನು ಈಗ ಕಾಂಟ್ರಾಕ್ಟರ್ ಅನ್ನಿಸಿಕೊಂಡರೂ ಕರಣಿ ಹಿಡಿದರೆ ಸಮಾಧಾನ.

ಮೊದಲು ಕುಂಬಳೆ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಪದಾನದಲ್ಲಿ ಕಂಬದಿಂದ ಕಂಬಕ್ಕೆ ಹೆಚ್ಚುಕಡಿಮೆ ಎಂಟೂವರೆ ಮೀಟರ್. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆ ನೋಡಿದ್ದೀರಲ್ಲ, ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮಣ್ಣು. ಅದರಲ್ಲಿ ಕಂಬದಿಂದ ಕಂಬಕ್ಕೆ ಎಂಟು ಹತ್ತು ಅಡಿ ಇದ್ದರೆ ದೊಡ್ಡದು, ಯಾಕಂದರೆ ನಮ್ಮ ಬೇವು, ಜಾಲಿ ಅದಕ್ಕಿಂತ ಉದ್ದ ನೆಟ್ಟಗೆ ಬೆಳೆಯುವುದಿಲ್ಲ. ಕಲ್ಲಿನ ತೊಲೆ ಇಟ್ಟರೂ ಅಷ್ಟೇ, ಉದ್ದವಾದರೆ ನಡುವೆ ಮುರಿಯುತ್ತದೆ, ಅದಕ್ಕೇ ಗುಡಿಗಳಲ್ಲಿ ಕಂಬ ಒತ್ತೊತ್ತಾಗಿರುತ್ತವೆ. ಎಂಟೂವರೆ ಮೀಟರ್ ಒಂದೇ ಮರದಲ್ಲಿ ದಾಟಬೇಕು ಅಂದರೆ ಲೆಬನಾನಿನಿಂದ ತರಿಸಲೇಬೇಕು. ಸುಮ್ನೆ ದೊಡ್ಡಸ್ತಿಕೆಗೆ ತರಿಸಿದ್ದಲ್ಲ.

ಈಗ ಕಮಾನು. ಬಾಗ್ದಾದಿನಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ ಟೆಸಿಫೋನ್ ಅಂತ ಹಳೆಯ ರಾಜಧಾನಿ, ಆಗ ಇರಾನನ್ನೂ ಆ ಸೀಮೆಯನ್ನೂ ಆಳುತ್ತಿದ್ದ ಸಾಸಾನಿ ರಾಜರದು. ಅಲ್ಲಿ ತಾಕ್-ಎ-ಕಸ್ರಾ ನಿಂತಿದೆ. ಕಸ್ರಾ ಅಂದರೆ ಖುಸ್ರೋ. ಒಂದನೇ ಖುಸ್ರೋ 531ರಿಂದ 579ರವರೆಗೆ ಆಳಿದ, ಅವನ ಕಾಲದ್ದು ಅಂತ ಜಾಸ್ತಿ ಜನ ಹೇಳುತ್ತಾರೆ, ಮುನ್ನೂರು ವರ್ಷ ಹಿಂದಿನದು ಅನ್ನುವವರೂ ಇದ್ದಾರೆ. ಅಗಲ 25 ಮೀಟರಿಗೆ ಮೇಲೆ, ಎತ್ತರ ಸುಮಾರು 37 ಮೀಟರ್, ಒಳಕ್ಕೆ 40 ಮೀಟರಿಗೂ ಜಾಸ್ತಿ ಆಳ. ಬರೀ ಇಟ್ಟಿಗೆ. ಒಂದು ಕಬ್ಬಿಣದ ಸರಳಿಲ್ಲ, ನಡುವೆ ಒಂದು ಕಂಬ ಇಲ್ಲ. ಗಗನ ಮಹಲಿನ 18 ಮೀಟರ್ ನೋಡಿಯೇ ಬಾಯಿ ಬಿಡುತ್ತೇವೆ, ಅದೂ ಒಂದೇ ಗೋಡೆಯಲ್ಲಿನ ಕಮಾನು. ಇದು ಇಡೀ ಕೋಣೆಯೇ ಕಮಾನು.

ನನಗೆ ರಾತ್ರಿ ನಿದ್ದೆ ಕೆಡಿಸಿದ್ದು ಯಾವುದು ಅಂದರೆ ಅದಕ್ಕೆ ಸೆಂಟ್ರಿಂಗ್ ಇಲ್ಲ. ಈಗ ನಾವು ಆರಡಿ ಕಮಾನು ಕಟ್ಟಬೇಕಾದರೂ ಕೆಳಗೆ ಹಲಗೆ ಬಡಿದು, ಮರದ ಕಂಬ ಊರಿ, ಅದರ ಮೇಲೆ ಇಟ್ಟಿಗೆ ಜೋಡಿಸಿ, ಒಣಗಿದ ಮೇಲೆ ಬಿಚ್ಚುತ್ತೇವೆ. 37 ಮೀಟರ್ ಎತ್ತರಕ್ಕೆ ಸೆಂಟ್ರಿಂಗ್ ಮಾಡಲು ಆ ಸೀಮೆಯಲ್ಲಿ ಮರ ಎಲ್ಲಿದೆ? ಮೆಸೊಪೊಟೇಮಿಯಾದಲ್ಲಿ ಇರುವುದು ಮಣ್ಣು ಮತ್ತು ಖರ್ಜೂರ. ಅದಕ್ಕೆ ಅವರು ಏನು ಮಾಡಿದರು ಅಂದರೆ, ಮೊದಲು ಹಿಂದಿನ ಗೋಡೆ ಪೂರ್ತಿ ಏರಿಸಿದರು. ಆಮೇಲೆ ಇಟ್ಟಿಗೆಯನ್ನು ಮಲಗಿಸದೆ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿ, ಆ ಗೋಡೆಗೆ ಅಂಟಿಸುತ್ತಾ ಒಂದು ಬಳೆ ಮಾಡಿದರು. ಗಾರೆ ಜಿಪ್ಸಂನದು, ಬೇಗ ಗಟ್ಟಿಯಾಗುತ್ತದೆ. ಆ ಬಳೆಗೆ ಒರಗಿಸಿ ಇನ್ನೊಂದು ಬಳೆ, ಅದಕ್ಕೆ ಇನ್ನೊಂದು. ಪುಸ್ತಕಗಳನ್ನು ಕಪಾಟಿನಲ್ಲಿ ಒಂದಕ್ಕೊಂದು ಒರಗಿಸಿ ಇಟ್ಟರೆ ಬೀಳುತ್ತವಾ? ಬೀಳುವುದಿಲ್ಲ, ಮೊದಲನೆಯದು ಗೋಡೆಗೆ ಒರಗಿದ್ದರೆ ಸಾಕು. ಹಾಗೆ ಹಿಂದಿನಿಂದ ಮುಂದಕ್ಕೆ ಬಂದರು. ಬುಡದಲ್ಲಿ ಗೋಡೆ ಸುಮಾರು 7 ಮೀಟರ್ ದಪ್ಪ, ನೆತ್ತಿಯಲ್ಲಿ ಒಂದು ಮೀಟರ್. ಆಕಾರ ಅರ್ಧ ಚಕ್ರ ಅಲ್ಲ, ಮೊಟ್ಟೆಯ ಚೂಪು ತುದಿಯ ಹಾಗೆ ಉದ್ದಕ್ಕೆ ಎಳೆದಿದೆ. ಸರಪಳಿಯ ಎರಡು ತುದಿ ಹಿಡಿದು ಜೋತು ಬಿಟ್ಟರೆ ಏನು ಆಕಾರ ಬರುತ್ತದೋ ಅದನ್ನು ತಲೆಕೆಳಗು ಮಾಡಿ ನೋಡಿ, ಅದೇ. ಭಾರ ನೇರ ಕೆಳಗೆ ಇಳಿಯುತ್ತದೆ.

1888ರಲ್ಲಿ ಟೈಗ್ರಿಸ್ ನದಿಗೆ ಪ್ರವಾಹ ಬಂದು ಮುಂಭಾಗದ ಒಂದು ಪಕ್ಕ ಬಿತ್ತು. ಈಗ ಇನ್ನೊಂದು ಪಕ್ಕ ಮತ್ತು ಕಮಾನು ನಿಂತಿವೆ. ಇಂಥ ಮೂರು ಕಡೆ ಗೋಡೆ, ಒಂದು ಕಡೆ ತೆರೆದ ಕಮಾನು ಮನೆಗೆ ಅವರು ಐವಾನ್ ಅನ್ನುತ್ತಾರೆ. ಹೋಟಗಿ ಕಾಕಾ ಹೇಳಿದ ಪಡಸಾಲೆ ಮಾತು ಪಕ್ಕಾ.

ಕುಂಬಳೆ ಮಾರಾಯ

ಗೌಂಡಿಯವರೇ, ಪುಸ್ತಕದ ಉದಾಹರಣೆ ಭಾರೀ ಲಾಯ್ಕ ಆಯಿತು.

ಆ ತಾಕ್-ಎ-ಕಸ್ರಾದ ಒಳಗಿನ ವೈಭವದ ಬಗ್ಗೆ ತಬರಿಯಂಥ ಹಳೆಯ ಇತಿಹಾಸಕಾರರು ಬರೆದದ್ದುಂಟು. ರಾಜನ ಕಿರೀಟ ಎಷ್ಟು ಭಾರ ಅಂದರೆ ತಲೆಯ ಮೇಲೆ ಇಟ್ಟುಕೊಳ್ಳಲಿಕ್ಕೆ ಆಗುತ್ತಿರಲಿಲ್ಲವಂತೆ. ಚಾವಣಿಯಿಂದ ಬಂಗಾರದ ಸರಪಳಿಯಲ್ಲಿ ತೂಗುಹಾಕಿರುತ್ತಿದ್ದರು, ರಾಜ ಬಂದು ಸರಿಯಾಗಿ ಅದರ ಕೆಳಗೆ ಕೂರುವುದು. ನೆಲಕ್ಕೆ ಒಂದು ದೊಡ್ಡ ಜಮಖಾನ, ಖುಸ್ರೋವಿನ ವಸಂತ ಅಂತ ಹೆಸರು. ರೇಷ್ಮೆ, ಬಂಗಾರ, ಹರಳು ಸೇರಿಸಿ ನೇಯ್ದ ಹೂದೋಟ. 637ರಲ್ಲಿ ಅರಬ್ಬರು ಊರು ಗೆದ್ದಾಗ ಅದನ್ನು ತುಂಡು ತುಂಡು ಮಾಡಿ ಹಂಚಿಕೊಂಡರು. ಸೊಲ್ಲಾಪುರದ ಚಾದರ ನೇಯುವವರು ಇದನ್ನು ಕೇಳಿದರೆ ಅತ್ತೇಬಿಡುತ್ತಾರೆ.

ಇದಕ್ಕಿಂತ ಮುಖ್ಯ ಪರದೆ. ಸಾಸಾನಿ ರಾಜ ಸಭೆಗೆ ಬಂದ ಕೂಡಲೆ ಎಲ್ಲರಿಗೂ ಕಾಣುವುದಿಲ್ಲ. ರಾಜನಿಗೂ ಸಭೆಗೂ ನಡುವೆ ತೆರೆ, ಅದನ್ನು ನೋಡಿಕೊಳ್ಳಲಿಕ್ಕೆ ಬೇರೆಯೇ ಒಬ್ಬ ಅಧಿಕಾರಿ. ಇದನ್ನು ಓದಿದಾಗ ನಾನು ನಕ್ಕುಬಿಟ್ಟೆ. ಪಾರ್ತಿ ಸುಬ್ಬನ ಊರಿನವ ನಾನು, ಯಕ್ಷಗಾನ ನೋಡಿ ಬೆಳೆದವ. ನಮ್ಮ ಆಟದಲ್ಲಿ ರಾಜನ ಪ್ರವೇಶಕ್ಕೆ ಒಡ್ಡೋಲಗ ಅನ್ನುತ್ತೇವೆ. ಒಡ್ಡೋಲಗ ಅಂದರೆ ದರ್ಬಾರು ಅಂತಲೇ ಅರ್ಥ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ, ಹಿಂದೆ ಕಿರೀಟದ ತುದಿ ಮಾತ್ರ ಕಾಣುತ್ತದೆ, ಚೆಂಡೆ ಏರುತ್ತದೆ, ಕಾಲ ಗೆಜ್ಜೆ ಕೇಳುತ್ತದೆ, ಪೂರ್ತಿ ಮುಖ ಕಾಣಲಿಕ್ಕೆ ಎಷ್ಟು ಹೊತ್ತು ಕಾಯಿಸುತ್ತಾರೆ! ತೆರೆ ಸರಿದಾಗ ಅವ ನಿಜವಾಗಿಯೂ ರಾಜ. ಬೆಳಿಗ್ಗೆ ಅದೇ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ಚಾ ಕುಡಿಯುತ್ತಿರುತ್ತಾನೆ, ಅದು ಬೇರೆ. ಇರಾನಿಗೂ ನಮ್ಮ ಆಟಕ್ಕೂ ಸಂಬಂಧ ಉಂಟು ಅಂತ ನಾನು ಹೇಳುವುದಿಲ್ಲ. ಆದರೆ ಅಕ್ಕೋರೆ, ಮಕ್ಕಳಿಗೆ ಹೇಳುವಾಗ ಬರೀ ಕಲ್ಲು, ಇಟ್ಟಿಗೆಯಲ್ಲಿ ನಿಲ್ಲಿಸಬೇಡಿ. ಬಟ್ಟೆ, ಧೂಪ, ಜಮಖಾನ, ದೀಪ, ಇವೆಲ್ಲ ಸೇರಿಯೇ ದರ್ಬಾರು. ಉಳಿಯದೆ ಹೋದದ್ದು ಅವೇ.

ಇರಾನಿನ ಇನ್ನೊಂದು ಊರು ಇಸ್ಫಹಾನಿಗೂ ಹೋಗಿದ್ದೆ. ಅಲ್ಲಿ ಚೆಹೆಲ್ ಸೊತೂನ್ ಅಂತ ಅರಮನೆ, ನಲವತ್ತು ಕಂಬ ಅಂತ ಅರ್ಥ. ಎಣಿಸಿದರೆ ಇಪ್ಪತ್ತೇ ಇದೆ. ಮುಂದೆ ಉದ್ದನೆಯ ಕೊಳ, ಅದರಲ್ಲಿ ಬಿದ್ದ ನೆರಳು ಸೇರಿಸಿ ನಲವತ್ತು. ಎರಡನೇ ಶಾಹ ಅಬ್ಬಾಸ್ 1647ರಲ್ಲಿ ಮುಗಿಸಿದ್ದು. ಮುಂಭಾಗದಲ್ಲಿ ಎತ್ತರದ ತೆಳ್ಳಗಿನ ಮರದ ಕಂಬಗಳು, ಮೇಲೆ ಚಪ್ಪಟೆ ಚಾವಣಿ. ತಾಲಾರ್ ಅನ್ನುತ್ತಾರೆ. ಹಿಂದೆ ಕನ್ನಡಿ ಚೂರು ಅಂಟಿಸಿದ ಗೂಡಿನಲ್ಲಿ ಸಿಂಹಾಸನ. ಒಳಗೆ ಗೋಡೆಯ ಮೇಲೆ ನಮ್ಮ ಹುಮಾಯೂನನ ಚಿತ್ರವೂ ಉಂಟು, ರಾಜ್ಯ ಕಳಕೊಂಡು ಇರಾನಿನ ರಾಜ ಶಾಹ ತಹಮಾಸ್ಪನ ಹತ್ತಿರ ಆಶ್ರಯ ಕೇಳಲಿಕ್ಕೆ ಹೋದದ್ದು. ಚಿತ್ರದಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದಾರೆ, ಆದರೆ ಮನೆ ಯಾರದ್ದು ಅಂತ ನೋಡಿದ ಕೂಡಲೆ ಗೊತ್ತಾಗುತ್ತದೆ.

ಹಾಂ, ನಮ್ಮ ಶಾಹಜಹಾನನ ನವಿಲು ಸಿಂಹಾಸನವೂ ಈಗ ತೆಹರಾನಿನಲ್ಲಿ ಉಂಟು, ಗೊತ್ತಲ್ವಾ?

ಜತ್ತ ಹುಡುಗ

ಮಾಮಾ, ಕೊನೆಯ ಸಾಲು ತಪ್ಪು, ಕ್ಷಮಿಸಿ. ಇರಾನಿನ ನಾದಿರ್ ಶಾಹ 1739ರಲ್ಲಿ ದಿಲ್ಲಿ ಕೊಳ್ಳೆ ಹೊಡೆದು ನವಿಲು ಸಿಂಹಾಸನ ಒಯ್ದದ್ದು ನಿಜ. ಅವನು ಸತ್ತ ಮೇಲೆ ಅದು ಉಳಿಯಲಿಲ್ಲ. ತೆಹರಾನಿನಲ್ಲಿ ಇರುವುದು ಆಮೇಲಿನ ಇರಾನಿನ ರಾಜ ಫತೆಹ್ ಅಲಿ ಶಾಹ ಮಾಡಿಸಿದ್ದು, ಮೊದಲು ಸೂರ್ಯ ಸಿಂಹಾಸನ ಅಂತ ಹೆಸರಿತ್ತು. ಅವನ ಹೆಂಡತಿಯ ಹೆಸರು ತಾವೂಸ್. ತಾವೂಸ್ ಅಂದರೆ ನವಿಲು. ಹಾಗಾಗಿ ಅದಕ್ಕೂ ನವಿಲು ಸಿಂಹಾಸನ ಅನ್ನುವ ಹೆಸರು ಬಂತು, ಎಲ್ಲರಿಗೂ ಗೊಂದಲ ಆಯಿತು. ಅದೇ ರಾಜ 1806ರಲ್ಲಿ ತೆಹರಾನಿನ ಗುಲಿಸ್ತಾನ್ ಅರಮನೆಯಲ್ಲಿ ಅಮೃತಶಿಲೆಯ ಸಿಂಹಾಸನ ಮಾಡಿಸಿದ, ಯಜ್ದ್ ಕಡೆಯ ಕಲ್ಲು, 65 ತುಂಡು. ಅದನ್ನು ಇಟ್ಟಿರುವುದು ಮುಂದೆ ಪೂರ್ತಿ ತೆರೆದ ಒಂದು ಐವಾನಿನಲ್ಲಿ. ಅಂದರೆ ಖುಸ್ರೋ ಕಾಲದ ಪಡಸಾಲೆ ಬುದ್ಧಿ 1806ಕ್ಕೂ ಹೋಗಿರಲಿಲ್ಲ.

ಈಗ ನನ್ನ ತಕರಾರು. ಗೈಡ್ "ಇರಾನ್ ಸ್ಟೈಲ್" ಅಂದ ಕೂಡಲೆ ನಾವೆಲ್ಲ ತಲೆ ಆಡಿಸುತ್ತೇವೆ. ಕಮಾನು ಕಂಡರೆ ಇರಾನ್, ಕಂಬ ಕಂಡರೆ ನಮ್ಮದು. ಇದು ಅಷ್ಟು ಸುಲಭ ಅಲ್ಲ. ಇಂಥದ್ದೇ ಇನ್ನೊಂದು ಇದೆ, ಶಾಲೆಯಲ್ಲಿ ಎಲ್ಲರೂ ಓದಿದ್ದು. ಅಜಂತಾದಲ್ಲಿ ಇಮ್ಮಡಿ ಪುಲಕೇಶಿಯ ದರ್ಬಾರಿಗೆ ಇರಾನಿನ ರಾಜ ಎರಡನೇ ಖುಸ್ರೋವಿನ ರಾಯಭಾರಿ ಬಂದ ಚಿತ್ರ ಇದೆ ಅಂತ. ತಬರಿ ಭಾರತದ ಒಬ್ಬ ರಾಜನ ಪತ್ರದ ಮಾತು ಬರೆದಿರುವುದು ನಿಜ, ಆ ರಾಜ ಪುಲಕೇಶಿ ಅಂತ ಓದುವವರು ಇದ್ದಾರೆ. ಆದರೆ ಆ ಗುಹೆಯ ಚಿತ್ರಗಳು ಐದನೇ ಶತಮಾನದವು ಅಂತ ಈಗ ಜಾಸ್ತಿ ವಿದ್ವಾಂಸರು ಒಪ್ಪುತ್ತಾರೆ. ಪುಲಕೇಶಿ ಏಳನೇ ಶತಮಾನದವನು. ಹುಟ್ಟದ ರಾಜನ ದರ್ಬಾರು ಬರೆಯಲು ಆಗುತ್ತದಾ?

ಇರಾನ್ ನಿಜವಾಗಿ ನಮ್ಮ ಸೀಮೆಗೆ ಬಂದದ್ದನ್ನು ನೋಡಬೇಕಾದರೆ ವಿಜಯಪುರಕ್ಕಿಂತ ಮೊದಲು ಬೀದರಿಗೆ ಹೋಗಬೇಕು. ಬಹಮನಿ ಅಹ್ಮದ್ ಶಾಹ 1422ರಿಂದ 1436ರವರೆಗೆ ಆಳಿದ. ಕಲಬುರ್ಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದವನು ಅವನೇ. ಇರಾನಿನ ಕಿರ್ಮಾನ್ ಕಡೆಯ ಸೂಫಿ ಶಾಹ ನಿಯಾಮತುಲ್ಲಾನ ಮನೆತನದವರನ್ನು ಕರೆಸಿಕೊಂಡ. ಅವನ ತಖ್ತ್ ಮಹಲಿನಲ್ಲಿ ಬಣ್ಣದ ಹೆಂಚು, ಕಮಾನಿನ ಮೂಲೆಯಲ್ಲಿ ಹುಲಿ, ಅದರ ಬೆನ್ನ ಹಿಂದೆ ಮೂಡುವ ಸೂರ್ಯ. ಅದು ನೇರ ಇರಾನಿನ ಚಿಹ್ನೆ. ಆದರೆ ಬಹಮನಿಗಳ ಹೆಸರುವಾಸಿ ಸಿಂಹಾಸನ, ತಖ್ತ್-ಎ-ಫಿರೋಜಾ, ಅದು ಎಲ್ಲಿಂದ ಬಂತು? ತೆಲಂಗಾಣದ ಕಾಪಯ ನಾಯಕ ಕಳಿಸಿದ್ದು. ಇದನ್ನು ಬರೆದಿಟ್ಟವನು ಫಿರಿಶ್ತಾ, ಇರಾನಿನ ಅಸ್ತರಾಬಾದಿನಲ್ಲಿ ಹುಟ್ಟಿ ವಿಜಯಪುರದಲ್ಲಿ ಕೂತು ಇತಿಹಾಸ ಬರೆದವನು. ಸಿಂಹಾಸನ ತೆಲುಗರದು, ಹೆಸರು ಫಾರ್ಸಿ, ಕೂತವನು ದಖನಿ. ಯಾವ ಸ್ಟೈಲ್ ಅನ್ನೋಣ?

ಕುಂಬಳೆ ಮಾರಾಯ

ತಪ್ಪು ಒಪ್ಪಿದೆ ಮಾರಾಯ. ನಾನು ಫೋಟೋ ತೆಗೆದು ಊರಿಗೆಲ್ಲ ಕಳಿಸಿ "ನಮ್ಮ ಸಿಂಹಾಸನ" ಅಂತ ಬರೆದಿದ್ದೆ. ಈಗ ಎಷ್ಟು ಜನರಿಗೆ ತಿದ್ದಿ ಹೇಳುವುದು.

ಸೊಲ್ಲಾಪುರ ಗೌಂಡಿ

ಜತ್ತ ತಮ್ಮ, ಮಾತು ಸರಿ, ಆದರೆ ಕೈ ನೋಡು. ಹೆಸರು ಯಾರದೇ ಇರಲಿ, ತೊಲೆ ಕೆತ್ತಿದವನು, ಕಲ್ಲು ಕೂರಿಸಿದವನು ಇಲ್ಲಿಯವನೇ. ಗಗನ ಮಹಲಿನ ಕಮಾನು ಇಟ್ಟಿಗೆಯ ಬಳೆ ಅಲ್ಲ, ಕಲ್ಲು ಗಾರೆ. ಒಳಗಿನ ಅಂತಸ್ತು ನಮ್ಮ ವಾಡೆಗಳ ಹಾಗೆ ಮರದ್ದು. ಐವಾನಿನ ಮುಖ, ವಾಡೆಯ ಹೊಟ್ಟೆ. ನನಗೆ ಅನ್ನಿಸುವುದು ಇಷ್ಟೇ.

ಇನ್ನೊಂದು. ಕುಂಬಳೆ ಅಣ್ಣ ಹೇಳಿದ ಆ ಇಪ್ಪತ್ತು ಮರದ ಕಂಬ, ಮುಂದೆ ಕೊಳ. ಇದನ್ನು ಕೇಳಿದ ಕೂಡಲೆ ನನಗೆ ಅಸರ್ ಮಹಲ್ ನೆನಪಾಯಿತು. ವಿಜಯಪುರದವರು ಯಾರೂ ಅದರ ಮಾತೇ ಎತ್ತಲಿಲ್ಲವಲ್ಲ?

ಹೋಟಗಿ ಕಾಕಾ

ಅರೆ, ಹೌದಲ್ಲ! ಮಲಗುವ ಜಾಗ ಒಂದೇ ನೆನಪಿಟ್ಟುಕೊಂಡು ಕೂತಿದ್ದೆ.

ಅಸರ್ ಮಹಲ್ 1646ರದು, ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ್ದು, ಗೋಲ ಗುಮ್ಮಟದವನೇ. ಮೊದಲು ನ್ಯಾಯ ಕೊಡುವ ದರ್ಬಾರು. ಆಮೇಲೆ ಪ್ರವಾದಿಯವರ ಕೂದಲನ್ನು ಅಲ್ಲಿ ಇಟ್ಟರು, ಹಾಗಾಗಿ ಜನ ಭಕ್ತಿಯಿಂದ ನೋಡಿಕೊಂಡರು, ಹಾಗಾಗಿ ಮರ ಉಳಿಯಿತು. ಮುಂಭಾಗ ಪೂರ್ವಕ್ಕೆ ಪೂರ್ತಿ ತೆರೆದಿದೆ. ನಾಲ್ಕು ಭಾರೀ ಸಾಗವಾನಿ ಕಂಬ, ಮೇಲೆ ಮರದ ಚಾವಣಿ, ಮುಂದೆ ದೊಡ್ಡ ಹೊಂಡ. ಇಸ್ಫಹಾನಿನದು 1647, ನಮ್ಮದು 1646. ಒಂದು ವರ್ಷದ ಅಂತರ! ಯಾರು ಯಾರನ್ನು ನೋಡಿ ಮಾಡಿದರು ಅಂತ ನಾನು ಹೇಳಲಾರೆ, ಆದರೆ ಎರಡು ಊರಿನಲ್ಲೂ ಒಂದೇ ಹೊತ್ತಿಗೆ ಒಂದೇ ತರಹದ ಜಗಲಿಯಲ್ಲಿ ಇಬ್ಬರು ರಾಜರು ನೀರು ನೋಡುತ್ತಾ ಕೂತಿದ್ದರು.

ಅಕ್ಕೋರೆ, ನಿಮ್ಮ ಹುಡುಗನಿಗೆ ಉತ್ತರ ಬೇಕಾದರೆ ಗಗನ ಮಹಲಿನಿಂದ ಅಸರ್ ಮಹಲಿಗೆ ನಡೆಸಿಕೊಂಡು ಹೋಗಿ. ದೂರ ಏನಿಲ್ಲ. ಇಲ್ಲಿನ ಕಮಾನಿನ ಒಳಗೆ ಅಲ್ಲಿನ ಮರ ಇಟ್ಟು ನೋಡು ಅನ್ನಿ.

ಅಕ್ಕಲಕೋಟ ಅಕ್ಕೋರು

ಎಲ್ಲರಿಗೂ ಎಷ್ಟು ಹೇಳಿದರೂ ಸಾಲದು. ಸೋಮವಾರದ ವರದಿ ಕೊಡುತ್ತೇನೆ.

ಹುಡುಗ ಕೇಳೇ ಕೇಳಿದ. ನಾನು ಬೋರ್ಡಿನ ಮೇಲೆ ಬರೆಯುವುದು ಬಿಟ್ಟು ಎಲ್ಲರನ್ನೂ ಬಯಲಿಗೆ ಕರೆದೆ. ಬಾವಿಯ ಹಗ್ಗ ತರಿಸಿದೆವು. ಮೊದಲು ಎಂಟೂವರೆ ಮೀಟರ್ ಅಳೆದು ಎರಡು ತುದಿಗೆ ಇಬ್ಬರನ್ನು ಕಂಬ ಅಂತ ನಿಲ್ಲಿಸಿದೆ. ಆರು ಸಾಲು, ಸಾಲಿಗೆ ಆರು, 36 ಕಂಬ ನಿಲ್ಲಿಸಬೇಕಿತ್ತು, ನನ್ನ ತರಗತಿಯಲ್ಲಿ ಇರುವುದೇ 22 ಮಕ್ಕಳು, ಬಯಲೂ ಸಾಲಲಿಲ್ಲ. ಆಮೇಲೆ ಗಗನ ಮಹಲಿನ 18 ಮೀಟರ್. ಬೇವಿನ ಮರದಿಂದ ನಳದ ಕಟ್ಟೆಯವರೆಗೆ ಬಂತು. ತಾಕ್-ಎ-ಕಸ್ರಾದ 25 ಮೀಟರ್ ಅಳೆಯಲು ಹೋದರೆ ಹಗ್ಗ ತಂತಿ ಬೇಲಿ ದಾಟಿ ಪಕ್ಕದ ಜೋಳದ ಹೊಲಕ್ಕೆ ಇಳಿಯಿತು, ಹೊಲದವರು ಬಂದು "ಏನ್ರೀ ಅಕ್ಕೋರೆ, ಜಮೀನು ಅಳೆಯಲು ಶುರು ಮಾಡಿದ್ರಾ?" ಅಂತ ಗಾಬರಿಯಾದರು. ಖುಸ್ರೋ ರಾಜನ ಮನೆ ನಿಮ್ಮ ಹೊಲದವರೆಗೂ ಬರುತ್ತದೆ ಅಂತ ಹೇಳಿದೆ. ಅವರಿಗೆ ಅದು ಇನ್ನೂ ಗಾಬರಿ.

ಕುಂಬಳೆ ಅಣ್ಣ, ನಿಮ್ಮ ಮಾತಿನಂತೆ ಇಬ್ಬರು ಹುಡುಗಿಯರ ಕೈಗೆ ನನ್ನ ಹಳೆ ಇಳಕಲ್ ಸೀರೆ ಕೊಟ್ಟು ತೆರೆ ಹಿಡಿಸಿದೆ. ಹಿಂದೆ ಆ ಹುಡುಗನನ್ನೇ ಬಕೆಟ್ ಮೇಲೆ ಕೂರಿಸಿದೆ. ತೆರೆ ಸರಿಸುವ ಮೊದಲು ಗದ್ದಲ, ಸರಿಸಿದ ಮೇಲೆ ಒಂದು ಕ್ಷಣ ಎಲ್ಲರೂ ನಿಜವಾಗಿಯೂ ಸುಮ್ಮನಾದರು. ಆಮೇಲೆ ಬಕೆಟ್ ಜಾರಿತು, ಅದು ಬಿಡಿ.

ಈಗ ಎಲ್ಲರೂ ಅಸರ್ ಮಹಲ್ ನೋಡಬೇಕು ಅನ್ನುತ್ತಿದ್ದಾರೆ. ಈ ಸಲ ಬಸ್ಸು ಬೇಡ, ಖರ್ಚು ಜಾಸ್ತಿ ಆಗುತ್ತದೆ. ಕಾಕಾ, ಹೋಟಗಿಯಿಂದ ಬೆಳಿಗ್ಗೆ ವಿಜಯಪುರಕ್ಕೆ ಗಾಡಿ ಎಷ್ಟಕ್ಕೆ?

ಹೋಟಗಿ ಕಾಕಾ

ಟೈಮ್ ಬದಲಾಗಿರಬಹುದು, ನಾಳೆ ಸ್ಟೇಷನ್ನಿಗೆ ಹೋಗಿ ಕೇಳಿಕೊಂಡು ಬಂದು ಬರೆಯುತ್ತೇನೆ. ಬುತ್ತಿ ಸ್ವಲ್ಪ ಜಾಸ್ತಿ ತನ್ನಿ, ನಾನೂ ಬರುತ್ತೇನೆ. ಶೇಂಗಾ ಹಿಂಡಿ ಇರಲಿ.